ಆಕಾಶದ ಸುಕ್ಕು

ಹಿಂದೆ ನಾವು ಸಿನಿಮಾಕ್ಕೆ ಹೋಗುತ್ತಿದ್ದೆವು. ಈಗ ಸಿನಿಮಾ ನಮ್ಮ ಮನೆಗೆ ಬರುತ್ತದೆ. ಮೇಲುನೋಟಕ್ಕೆ ಇದು ಕೇವಲ ಅನುಕೂಲದ ಸಂಗತಿಯೆಂದು ತೋರಬಹುದು. ಆದರೆ ಹೋಗುವವನ ಮನಸ್ಸೇ ಬೇರೆ, ಬರಮಾಡಿಕೊಳ್ಳುವವನ ಮನಸ್ಸೇ ಬೇರೆ. ಎರಡು ಮೈಲಿ ನಡೆದು, ಟಿಕೆಟ್ಟಿಗಾಗಿ ಸಾಲಿನಲ್ಲಿ ನಿಂತು, ಮರಳನ್ನು ಗುಡ್ಡೆ ಮಾಡಿಕೊಂಡು ನೆಲದ ಮೇಲೆ ಕುಳಿತವನು ಪ್ರೇಕ್ಷಕನಾಗಿರುತ್ತಾನೆ. ಊಟ ಮುಗಿಸಿ, ಕಾಲು ಚಾಚಿ, ಕುರ್ಚಿಗೊರಗಿ ನೋಡುವವನು ನ್ಯಾಯಾಧೀಶನಾಗಿಬಿಡುತ್ತಾನೆ. ಬೇಸರವಾದರೆ ಅವನು ಚಿತ್ರವನ್ನು ಮುಂದಕ್ಕೆ ಓಡಿಸಬಲ್ಲ, ಬೇಕೆಂದಲ್ಲಿ ನಿಲ್ಲಿಸಬಲ್ಲ, ಬೇಡವಾದರೆ ಮುಚ್ಚಿಬಿಡಬಲ್ಲ. ಚಿತ್ರ ಹಳೆಯದಾಗಿ, ಕಡಿಮೆ ಖರ್ಚಿನದಾಗಿದ್ದರಂತೂ ಅವನ ತೀರ್ಪು ಇನ್ನೂ ಬೇಗ ಹೊರಬೀಳುತ್ತದೆ. ಅಂಥ ಪೀಠದಲ್ಲಿ ಕುಳಿತು ನಾನೂ ಒಮ್ಮೆ ಒಂದು ತೀರ್ಪು ಕೊಟ್ಟೆ. ಅದು ತಪ್ಪೆಂದು ತಿಳಿಯುವ ಹೊತ್ತಿಗೆ ಬಹಳ ವರ್ಷಗಳು ಕಳೆದಿದ್ದವು.

ನಾನು ಹತ್ತು ವರ್ಷದ ಹುಡುಗನಾಗಿದ್ದಾಗ ನಮ್ಮ ಊರಿಗೆ ಬೇಸಗೆಯಲ್ಲಿ ಟೂರಿಂಗ್ ಟಾಕೀಸ್ ಬರುತ್ತಿತ್ತು. ಕೆರೆಯ ಹಿಂದಿನ ಬಯಲಿನಲ್ಲಿ ಡೇರೆ ಹಾಕುತ್ತಿದ್ದರು. ಚಿತ್ರ ತೋರಿಸುವ ಯಂತ್ರ ಒಂದೇ ಇದ್ದುದರಿಂದ ಪ್ರತಿಯೊಂದು ಸುರುಳಿ ಮುಗಿದಾಗಲೂ ದೀಪ ಹತ್ತುತ್ತಿತ್ತು. 2000 ಅಡಿಯ ಒಂದು ಸುರುಳಿ ಸುಮಾರು 22 ನಿಮಿಷ ಓಡುತ್ತದೆ. ಆದ್ದರಿಂದ ಒಂದು ಚಿತ್ರಕ್ಕೆ ಆರೇಳು ವಿರಾಮಗಳು! ದೊರೈ-ಭಗವಾನ್ ಅವರು ನಿರ್ದೇಶಿಸಿ 1968ರಲ್ಲಿ ತೆರೆಕಂಡ ‘ಜೇಡರ ಬಲೆ’ಯನ್ನು ನಾನು ನೋಡಿದ್ದು ಹೀಗೆಯೇ. ಅದುವರೆಗೆ ಭಕ್ತನಾಗಿ, ಅರಸನಾಗಿ ಕಂಡಿದ್ದ ರಾಜಕುಮಾರ್ ಅವರು ಈ ಚಿತ್ರದಲ್ಲಿ ಕೋಟು ತೊಟ್ಟು, ಪಿಸ್ತೂಲು ಹಿಡಿದು, ಸಿ.ಐ.ಡಿ. 999 ಆಗಿ ಬಂದಿದ್ದರು. ದೀಪ ಹತ್ತಿದಾಗಲೆಲ್ಲ ನಾವು ಹುಡುಗರು ಮುಂದೇನಾಗುವುದೆಂದು ಪಂದ್ಯ ಕಟ್ಟುತ್ತಿದ್ದೆವು. ಚಿತ್ರ ಕಪ್ಪುಬಿಳುಪಿನದೆಂಬುದಾಗಲಿ, ಅದಕ್ಕೆ ಎಷ್ಟು ಹಣ ಖರ್ಚಾಯಿತೆಂಬುದಾಗಲಿ ನಮ್ಮ ತಲೆಯೊಳಗೆ ಸುಳಿಯಲೇ ಇಲ್ಲ.

ಮುಂದೆ ನಾನು ಓದಿದೆ, ಎಂ.ಎ. ಪದವಿ ಪಡೆದೆ, ಸಣ್ಣ ಊರೊಂದರ ಪ್ರೌಢಶಾಲೆಗೆ ಕನ್ನಡ ಉಪಾಧ್ಯಾಯನಾಗಿ ಹೋದೆ. ಪದವಿಯ ಜೊತೆಯಲ್ಲಿ ಟೀಕೆ ಮಾಡುವ ಚಪಲವೂ ಬಂದಿತ್ತು. 1986ರ ಗಣೇಶನ ಹಬ್ಬದಲ್ಲಿ ಶಾಲೆಯ ಅಂಗಳಕ್ಕೆ ಒಂದು ಬಣ್ಣದ ಟೆಲಿವಿಷನ್ನನ್ನೂ ವಿ.ಸಿ.ಆರ್. ಯಂತ್ರವನ್ನೂ ಬಾಡಿಗೆಗೆ ತರಿಸಿದರು. ತೋರಿಸಬೇಕೆಂದು ಹುಡುಗರು ಕೇಳಿಕೊಂಡದ್ದು ಹಳೆಯ ಒಂದು ಪೌರಾಣಿಕ ಚಿತ್ರವನ್ನು. ಅದರ ಹೆಸರು ಇಲ್ಲಿ ಮುಖ್ಯವಲ್ಲ. ಕೇಳಲು ಕಾರಣವೇನೆಂದರೆ, ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರು ತಮ್ಮ ತಾರುಣ್ಯದಲ್ಲಿ ಮದರಾಸಿನ ಸ್ಟುಡಿಯೋ ಒಂದರಲ್ಲಿ ಪರದೆ ಬರೆಯುವ ಕೆಲಸದಲ್ಲಿದ್ದರು. ಆ ಚಿತ್ರದ ಆಶ್ರಮದ ದೃಶ್ಯದಲ್ಲಿ ಕಾಣುವ ಆಕಾಶವನ್ನು ಬರೆದವರಲ್ಲಿ ಅವರೂ ಒಬ್ಬರು. ಆ ದಿನ ಅವರು ಇಸ್ತ್ರಿ ಮಾಡಿದ ಪಂಚೆಯುಟ್ಟು, ಹೆಂಡತಿ ಮಕ್ಕಳೊಡನೆ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದರು.

ಆಶ್ರಮದ ದೃಶ್ಯ ಬಂತು. ಋಷಿ ಕೋಪಗೊಂಡು ಕೈಯೆತ್ತಿ ಶಪಿಸುತ್ತಿದ್ದಾನೆ. ಅಷ್ಟರಲ್ಲಿ ಹಿಂದಿನ ಆಕಾಶದ ನಡುವೆ, ಮಡಿಸಿಟ್ಟ ಸೀರೆಯ ಮಡಿಕೆಯಂತೆ, ಅಡ್ಡಲಾಗಿ ಒಂದು ಸುಕ್ಕು ಕಾಣಿಸಿತು. ನಾನು ತಡೆದುಕೊಳ್ಳಲಾರದೆ, “ಪಾಪ, ಆಕಾಶಕ್ಕೆ ಇಸ್ತ್ರಿ ಮಾಡಿಸುವುದನ್ನು ಮರೆತಿದ್ದಾರೆ!” ಎಂದೆ. ಅಂಗಳವೆಲ್ಲ ಗೊಳ್ಳೆಂದು ನಕ್ಕಿತು. ಆ ಆಕಾಶ ಯಾರದೆಂಬುದು ನನಗೆ ತಿಳಿಯದ ಸಂಗತಿಯೇನೂ ಆಗಿರಲಿಲ್ಲ; ಮಾತಿನ ಮೋಜಿನಲ್ಲಿ ಮರೆತಿದ್ದೆ. ಡ್ರಾಯಿಂಗ್ ಮೇಷ್ಟ್ರು ಹಿಂದಿರುಗಿ ನೋಡಲಿಲ್ಲ. ಅವರ ಕಿರಿಯ ಮಗಳು ಮಾತ್ರ ತಿರುಗಿ, ನಕ್ಕವರು ಯಾರೆಂದು ಹುಡುಕಿದಳು.

ಮರುದಿನ ಬಿಡುವಿನ ವೇಳೆಯಲ್ಲಿ ಅವರು ನನ್ನ ಬಳಿಗೆ ಬಂದರು. ಅವರ ಮಾತಿನಲ್ಲಿ ಕೋಪವಿರಲಿಲ್ಲ.

“ಮೇಷ್ಟ್ರೇ, ನಿನ್ನೆ ನೀವು ಕಂಡ ಆ ಸುಕ್ಕು ಋಷಿಯ ಗಡ್ಡದ ಮೇಲೂ ಹಾದುಹೋಯಿತು, ಗಮನಿಸಿದಿರಾ? ಪರದೆಯ ಸುಕ್ಕು ಗಡ್ಡಕ್ಕೆ ಹೇಗೆ ಬರುತ್ತದೆ?”

ನಾನು ಗಮನಿಸಿರಲಿಲ್ಲ. ಆದರೂ, “ಇರಬಹುದು” ಎಂದೆ.

“ಅದು ಟೇಪಿನ ದೋಷ. ಆ ಪರದೆಯನ್ನು ನಾಲ್ಕು ಜನ ಹನ್ನೊಂದು ದಿನ ಬರೆದೆವು. ಕಪ್ಪುಬಿಳುಪಿನ ಕ್ಯಾಮರಾದ ಕಣ್ಣಿಗೆ ಬಣ್ಣದ ಗೊಡವೆಯಿಲ್ಲ, ಬೆಳಕು ನೆರಳು ಮಾತ್ರ. ಅದಕ್ಕಾಗಿ ಬರಿಯ ಬೂದಿಬಣ್ಣದ ಛಾಯೆಗಳಲ್ಲಿ ಮೋಡ ತೇಲಿಸಿದ್ದೆವು. ನಮ್ಮ ಆಕಾಶದಲ್ಲಿ ತಪ್ಪಿಲ್ಲವೆಂದು ನಾನು ಹೇಳುವುದಿಲ್ಲ. ಪರದೆಗೂ ಪಾತ್ರಧಾರಿಗೂ ನಡುವೆ ಹದಿನೈದು ಅಡಿ ಜಾಗ ಬೇಕೆಂದು ಕೇಳಿದೆವು, ಸಿಕ್ಕಿದ್ದು ಆರು ಅಡಿ. ಹಾಗಾಗಿ ಋಷಿ ಕೈಯೆತ್ತಿದಾಗ ಅವನ ಕೈಯ ನೆರಳು ಆಕಾಶದ ಮೇಲೆ ಬೀಳುತ್ತದೆ. ಅದನ್ನು ನೋಡಿ ನಗಿ, ನಾನೂ ನಗುತ್ತೇನೆ. ಆದರೆ ಏನನ್ನು ನೋಡಿ ನಗುತ್ತಿದ್ದೇವೆಂಬುದು ತಿಳಿದಿರಬೇಕು.”

ಇನ್ನೊಮ್ಮೆ ನೋಡೋಣವೆಂದರೆ ಕ್ಯಾಸೆಟ್ಟು ಬೆಳಿಗ್ಗೆಯೇ ಅಂಗಡಿಗೆ ಹಿಂತಿರುಗಿತ್ತು. ನೋಡಬೇಕೆಂಬ ಮನಸ್ಸೂ ನನಗಿರಲಿಲ್ಲವೆಂಬುದು ನಿಜವಾದ ಮಾತು. ಅಷ್ಟರಲ್ಲಿ ನನ್ನ ಹಾಸ್ಯ ಹುಡುಗರ ಬಾಯಿಗೆ ಬಿದ್ದಿತ್ತು. ಅವರು ಆ ಹಿರಿಯರಿಗೆ ‘ಸುಕ್ಕು ಮೇಷ್ಟ್ರು’ ಎಂದು ಅಡ್ಡಹೆಸರಿಟ್ಟರು. ಅವರು ನಿವೃತ್ತರಾಗುವವರೆಗೂ ಆ ಹೆಸರು ಅವರನ್ನು ಬಿಡಲಿಲ್ಲ. ಅದನ್ನು ಕೇಳಿದಾಗಲೆಲ್ಲ ನಾನು ಕೇಳದವನಂತೆ ಇದ್ದುಬಿಟ್ಟೆ.

2009ರಲ್ಲಿ ಅದೇ ಚಿತ್ರದ ಡಿ.ವಿ.ಡಿ. ಬೆಂಗಳೂರಿನ ಅಂಗಡಿಯೊಂದರಲ್ಲಿ ನನಗೆ ಸಿಕ್ಕಿತು. ಒಳ್ಳೆಯ ಪ್ರತಿಯಿಂದ ಇಳಿಸಿದ್ದರೆಂದು ತೋರುತ್ತದೆ, ಚಿತ್ರ ಸ್ವಚ್ಛವಾಗಿತ್ತು. ಆಶ್ರಮದ ದೃಶ್ಯ ಬಂದಾಗ ನಾನು ಎದ್ದು ಟೆಲಿವಿಷನ್ನಿನ ಹತ್ತಿರ ಹೋಗಿ ನಿಂತೆ. ಆಕಾಶದಲ್ಲಿ ಸುಕ್ಕು ಇರಲಿಲ್ಲ. ತೆಳುವಾದ ಮೋಡಗಳು ಒಂದರೊಳಗೊಂದು ಕರಗಿದ್ದವು. ಋಷಿ ಕೈಯೆತ್ತಿದ, ಅವನ ಕೈಯ ನೆರಳು ಮೋಡದ ಮೇಲೆ ಬಿತ್ತು. ಡ್ರಾಯಿಂಗ್ ಮೇಷ್ಟ್ರು ಹೇಳಿದ ಎರಡು ಮಾತೂ ನಿಜವಾಗಿದ್ದವು. ಆದರೆ ಅವರು ತೀರಿಕೊಂಡು ಆಗಲೇ ಎಂಟು ವರ್ಷಗಳಾಗಿದ್ದವು.

ಅಂದಿನಿಂದ ಹಳೆಯ ಚಿತ್ರವನ್ನು ಮನೆಯಲ್ಲಿ ನೋಡುವಾಗಲೆಲ್ಲ ನಾನು ಒಂದು ನಿಯಮವನ್ನು ಪಾಲಿಸುತ್ತ ಬಂದಿದ್ದೇನೆ. ಕಣ್ಣಿಗೆ ದೋಷವೊಂದು ಬಿದ್ದರೆ, ಅದು ಎಲ್ಲಿಂದ ಬಂತೆಂದು ಮೊದಲು ಕೇಳಿಕೊಳ್ಳುತ್ತೇನೆ. ದೋಷ ಬರುವುದಕ್ಕೆ ಮೂರು ಬಾಗಿಲುಗಳಿವೆ: ನಾವು ನೋಡುವ ಪೆಟ್ಟಿಗೆ, ನಮಗೆ ದೊರೆತ ಪ್ರತಿ, ಮತ್ತು ಚಿತ್ರವನ್ನು ಮಾಡಿದವರು.

ಪೆಟ್ಟಿಗೆಯ ವಿಚಾರವನ್ನೇ ಮೊದಲು ತೆಗೆದುಕೊಳ್ಳೋಣ. ಹಳೆಯ ಕಪ್ಪುಬಿಳುಪಿನ ಚಿತ್ರಗಳ ಚೌಕಟ್ಟು ಸುಮಾರು ನಾಲ್ಕಕ್ಕೆ ಮೂರರ ಅಳತೆಯದು. ಇಂದಿನ ಟೆಲಿವಿಷನ್ನಿನ ತೆರೆ ಹದಿನಾರಕ್ಕೆ ಒಂಬತ್ತರ ಅಳತೆಯದು. ಪಕ್ಕದಲ್ಲಿ ಖಾಲಿ ಉಳಿಯುವುದನ್ನು ಸಹಿಸದೆ ನಾವು ಚಿತ್ರವನ್ನು ಅಡ್ಡಡ್ಡ ಎಳೆದುಬಿಡುತ್ತೇವೆ. ಆಗ ನಾಯಕ ನಾಯಕಿಯರ ಮುಖಗಳೆಲ್ಲ ಕುಂಬಳಕಾಯಿಯಾಗುತ್ತವೆ. ಇನ್ನು ವೇಗದ ಮಾತು. ಚಲನಚಿತ್ರವನ್ನು ಸೆಕೆಂಡಿಗೆ 24 ಚಿತ್ರಗಳಂತೆ ತೆಗೆಯುತ್ತಾರೆ. ನಮ್ಮ ದೇಶದ ಟೆಲಿವಿಷನ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರಗಳು ಓಡುತ್ತವೆ. ಹೀಗಾಗಿ ಕ್ಯಾಸೆಟ್ಟಿಗೆ ನೇರವಾಗಿ ಇಳಿಸಿದ 150 ನಿಮಿಷಗಳ ಚಿತ್ರ 144 ನಿಮಿಷಗಳಲ್ಲಿ ಮುಗಿದುಹೋಗುತ್ತಿತ್ತು. ನಡಿಗೆ ಕೊಂಚ ಚುರುಕು, ಕಂಠ ಕೊಂಚ ಕೀಚಲು! ಹಾಡುಗಾರರ ಶ್ರುತಿ ಏರಿದ್ದಕ್ಕೆ ಅವರು ಹೊಣೆಯಲ್ಲ.

ಪ್ರತಿಯ ಕಥೆ ಇನ್ನೂ ಕರುಣಾಜನಕವಾದದ್ದು. ಚಿತ್ರಮಂದಿರಗಳಲ್ಲಿ ಓಡಿ ಓಡಿ ಗೀರುಬಿದ್ದ ಸುರುಳಿಯಿಂದ ಒಂದು ಕ್ಯಾಸೆಟ್ಟು, ಅದರಿಂದ ಇನ್ನೊಂದು, ಅದರಿಂದ ಮತ್ತೊಂದು. ಪ್ರತಿಯಿಂದ ಪ್ರತಿಗೆ ಇಳಿದಂತೆಲ್ಲ ಮುಖದ ಭಾವ ಅಳಿಸುತ್ತದೆ, ಮಾತು ಗೊಗ್ಗರಾಗುತ್ತದೆ. ಒಂದು ವಿ.ಸಿ.ಡಿ. ತಟ್ಟೆಯಲ್ಲಿ ಹಿಡಿಯುವುದು ಹೆಚ್ಚೆಂದರೆ 80 ನಿಮಿಷ. ಎರಡು ತಟ್ಟೆಗಳಿಗೆ ಹೊಂದದ ಉದ್ದನೆಯ ಚಿತ್ರವಾದರೆ, ಮೂರನೆಯ ತಟ್ಟೆ ಬೇಕು, ಇಲ್ಲವೇ ಕತ್ತರಿ ಬೇಕು. ಕತ್ತರಿಗೆ ಖರ್ಚು ಕಡಿಮೆ. ಕಥೆ ಅಲ್ಲಲ್ಲಿ ಎಡವಿದಂತೆ ಕಂಡಾಗ ನಾವು ನಿರ್ದೇಶಕನನ್ನು ಬಯ್ಯುತ್ತೇವೆ.

ಈ ಎರಡು ಬಾಗಿಲುಗಳನ್ನು ದಾಟಿದ ಮೇಲೆಯೇ ಮೂರನೆಯದು. ಅಲ್ಲಿಯೂ ಬಡತನವನ್ನು ಬುದ್ಧಿಹೀನತೆಯೆಂದು ತಿಳಿಯಬಾರದು. 1956ರವರೆಗೆ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಕನ್ನಡ ಚಿತ್ರಗಳಿಗೆ ಮಾರುಕಟ್ಟೆ ಕಿರಿದು. ಬಹುಪಾಲು ಕೆಲಸ ಮದರಾಸಿನ ಸ್ಟುಡಿಯೋಗಳಲ್ಲಿ, ಬಾಡಿಗೆಯ ಲೆಕ್ಕದಲ್ಲಿ ನಡೆಯಬೇಕಾಗಿತ್ತು. ಮೊದಲ ಕನ್ನಡ ವಾಕ್ಚಿತ್ರ ಬಂದ ಮೂವತ್ತು ವರ್ಷಗಳ ಮೇಲೆ, 1964ರಲ್ಲಿ, ‘ಅಮರಶಿಲ್ಪಿ ಜಕಣಾಚಾರಿ’ಯಲ್ಲಿ ಕನ್ನಡ ಚಿತ್ರ ಪೂರ್ತಿಯಾಗಿ ಬಣ್ಣವನ್ನು ಕಂಡಿತು. ಇನ್ನು ಅಭಿನಯ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ನಟಿಸಿದ ರಾಜಕುಮಾರ್, ನರಸಿಂಹರಾಜು, ಜಿ. ವಿ. ಅಯ್ಯರ್ ಇವರೆಲ್ಲ ಗುಬ್ಬಿ ಕಂಪನಿಯ ರಂಗಭೂಮಿಯಲ್ಲಿ ಪಳಗಿದವರು. ಕೊನೆಯ ಸಾಲಿನಲ್ಲಿ ಕುಳಿತವನಿಗೂ ಮಾತು ಮುಟ್ಟಬೇಕೆಂಬುದು ಆ ರಂಗಭೂಮಿಯ ಶಿಕ್ಷಣ. ಆ ಕಂಠ ನಮ್ಮ ಹತ್ತಡಿಯ ಕೋಣೆಗೆ ದೊಡ್ಡದೆನಿಸಿದರೆ, ಕೋಣೆ ಚಿಕ್ಕದೆಂಬುದನ್ನೂ ನೆನೆಯಬೇಕು.

ಖರ್ಚು ಕಡಿಮೆಯಾದ ಮಾತ್ರಕ್ಕೆ ಚಿತ್ರ ಕಳಪೆಯಾಗಬೇಕಿಲ್ಲವೆಂಬುದಕ್ಕೆ 1970ರ ‘ಸಂಸ್ಕಾರ’ವೇ ಸಾಕ್ಷಿ. ಪಟ್ಟಾಭಿರಾಮ ರೆಡ್ಡಿಯವರು ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ, ಸ್ಟುಡಿಯೋದ ಗೊಡವೆಗೆ ಹೋಗದೆ, ಶೃಂಗೇರಿಯ ಸಮೀಪದ ಹಳ್ಳಿಯೊಂದರಲ್ಲಿ ಕಪ್ಪುಬಿಳುಪಿನಲ್ಲಿ ಅದನ್ನು ಚಿತ್ರಿಸಿದರು. ಆ ವರ್ಷದ ಅತ್ಯುತ್ತಮ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿ ದೊರೆಯಿತು.

ಹಾಗೆಂದು ಹಳೆಯದೆಲ್ಲವೂ ಹೊನ್ನೆಂದು ನಾನು ಹೇಳುತ್ತಿಲ್ಲ. ಕುಂಟನನ್ನೋ ತೊದಲನನ್ನೋ ತಂದು ನಿಲ್ಲಿಸಿ ನಗಿಸುವ ದೃಶ್ಯಗಳು ಎಷ್ಟೋ ಹಳೆಯ ಚಿತ್ರಗಳಲ್ಲಿವೆ. ಹೆಂಡತಿಯ ಕೆನ್ನೆಗೆ ಹೊಡೆದು ಬುದ್ಧಿ ಕಲಿಸುವ ನಾಯಕರಿದ್ದಾರೆ. ಇವು ಟೇಪಿನ ದೋಷಗಳಲ್ಲ, ಹಣದ ಕೊರತೆಯಿಂದ ಬಂದವೂ ಅಲ್ಲ. ಡೇರೆಯಲ್ಲಿ ಕುಳಿತು ಇಂಥ ದೃಶ್ಯಗಳಿಗೆ ನಾನೂ ನಕ್ಕಿದ್ದೇನೆ. ಇಂದು ನಗು ಬರುವುದಿಲ್ಲ. ಬಾಲ್ಯದ ನೆನಪಿನ ಮಮತೆಯಿಂದ ತಪ್ಪನ್ನು ಮುಚ್ಚುವುದೂ, ಬುದ್ಧಿವಂತಿಕೆಯ ಗರ್ವದಿಂದ ಇಲ್ಲದ ತಪ್ಪನ್ನು ಹೊರಿಸುವುದೂ ಒಂದೇ ಬಗೆಯ ಅನ್ಯಾಯ.

ಮನೆಯ ಪೆಟ್ಟಿಗೆಗೆ ನಾವು ಕೃತಜ್ಞರಾಗಿರಬೇಕಾದ ಕಾರಣವೂ ಉಂಟು. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನಾ’, ಇಂದು ಎಲ್ಲಿಯೂ ನೋಡಸಿಗದು. ಅದರ ಒಂದು ಪ್ರತಿಯೂ ಉಳಿದುಬರಲಿಲ್ಲ. ಸುರುಳಿಗಳು ಬೆಂಕಿಗೆ, ತೇವಕ್ಕೆ ತುತ್ತಾದವು. ಅವುಗಳಲ್ಲಿದ್ದ ಬೆಳ್ಳಿಯ ಅಂಶಕ್ಕಾಗಿ ಕರಗಿಸಿದವರೂ ಇದ್ದರು. ಚಿತ್ರಗಳನ್ನು ಕಾಪಾಡಲು ಪುಣೆಯಲ್ಲಿ ರಾಷ್ಟ್ರೀಯ ಸಂಗ್ರಹಾಲಯ ಸ್ಥಾಪನೆಯಾದದ್ದೇ 1964ರಲ್ಲಿ. ಅಳಿದುಹೋದ ಚಿತ್ರವನ್ನು ಮೆಚ್ಚುವುದು ಹಾಗಿರಲಿ, ಹಳಿಯುವುದಕ್ಕೂ ಆಗದು. ಸವೆದ ಕ್ಯಾಸೆಟ್ಟೂ ಗೀರುಬಿದ್ದ ತಟ್ಟೆಯೂ ಎಷ್ಟೋ ಚಿತ್ರಗಳನ್ನು ಹೇಗೋ ನಮ್ಮವರೆಗೆ ಹೊತ್ತು ತಂದಿವೆ. 1965ರ ‘ಸತ್ಯ ಹರಿಶ್ಚಂದ್ರ’ಕ್ಕೆ 2008ರಲ್ಲಿ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರು. ಬಣ್ಣ ಬೇಕಾಗಿತ್ತೇ ಎಂಬುದು ಬೇರೆ ಪ್ರಶ್ನೆ. ಹೊಸ ತಲೆಮಾರಿನ ಕಣ್ಣಿಗೆ ಅದು ಬಿದ್ದದ್ದಂತೂ ನಿಜ.

ಕಳೆದ ಬೇಸಗೆಯ ರಜೆಯಲ್ಲಿ ಮೊಮ್ಮಗಳು ನಮ್ಮ ಮನೆಗೆ ಬಂದಿದ್ದಳು. ಒಂದು ಸಂಜೆ ಆ ಪೌರಾಣಿಕ ಚಿತ್ರವನ್ನೇ ಹಾಕಿದೆ. ಮೊದಲು ಕುಂಬಳಕಾಯಿ ಮುಖಗಳನ್ನು ಕಂಡು ನಕ್ಕಳು, ಚೌಕಟ್ಟನ್ನು ಸರಿಪಡಿಸಿದೆ. ಆಮೇಲೆ ನಗು ಕಡಿಮೆಯಾಯಿತು. ಆಶ್ರಮದ ದೃಶ್ಯದಲ್ಲಿ ಮಾತ್ರ ಅವಳು ಚಪ್ಪಾಳೆ ತಟ್ಟಿ, “ತಾತ, ನೋಡು, ಆಕಾಶದ ಮೇಲೆ ನೆರಳು!” ಎಂದು ಕೂಗಿದಳು. ಎಂ.ಎ. ಮಾಡಿದ ನಾನು ಕಾಣದ್ದನ್ನು ಎಂಟನೆಯ ತರಗತಿಯ ಹುಡುಗಿ ಕಂಡಿದ್ದಳು. “ಹೌದು, ಅದಕ್ಕೆ ನಗಬಹುದು” ಎಂದೆ.

ಸ್ವಲ್ಪ ಹೊತ್ತು ನೋಡಿ ಅವಳು, “ಆದರೆ ಮೋಡಗಳು ನಿಜವಾದ ಮೋಡದ ಹಾಗೇ ಇವೆ. ಯಾರು ತಾತ ಬರೆದದ್ದು?” ಎಂದು ಕೇಳಿದಳು.

ಚಿತ್ರದ ಮೊದಲಲ್ಲಿ ಬರುವ ಹೆಸರುಗಳ ಪಟ್ಟಿಯಲ್ಲಿ ಪರದೆ ಬರೆದವರ ಹೆಸರುಗಳಿಲ್ಲ. ನಾನು ಚಿತ್ರವನ್ನು ಅಲ್ಲಿಯೇ ನಿಲ್ಲಿಸಿ, ನಮ್ಮ ಡ್ರಾಯಿಂಗ್ ಮೇಷ್ಟ್ರ ಹೆಸರನ್ನು ಅವಳಿಗೆ ಹೇಳಿದೆ. ಹುಡುಗರು ಇಟ್ಟ ಹೆಸರನ್ನಲ್ಲ. ಅವರ ನಿಜವಾದ ಹೆಸರನ್ನು.