ಜಗಲಿಯ ಮೇಲೆ ಒಂದು ಸಾಯಂಕಾಲ

ಬೆಂಗಳೂರಿನ ಬಸವನಗುಡಿಯ ಹೆಸರನ್ನು ಕೇಳದ ವಾಚಕರು ವಿರಳ. 1898ರ ಪ್ಲೇಗಿನ ತರುವಾಯ, ಕಿಕ್ಕಿರಿದ ಪೇಟೆಯ ಜನ ಗಾಳಿ ಬೆಳಕುಗಳಲ್ಲಿ ಬಾಳಲೆಂದು ಬೆಳೆದ ಬಡಾವಣೆಯಿದು. ಪರಸ್ಥಳದವರು ದೊಡ್ಡ ಬಸವಣ್ಣನ ದರ್ಶನ ಮಾಡಿ, ಕಹಳೆ ಬಂಡೆಯ ಮರಗಳ ನೆರಳಿನಲ್ಲಿ ಕುಳಿತು, ಗಾಂಧಿ ಬಜಾರಿನಲ್ಲಿ ಹೂವು ಹಣ್ಣು ಕೊಂಡು, 1943ರಿಂದ ನಡೆದುಬಂದಿರುವ ವಿದ್ಯಾರ್ಥಿ ಭವನದಲ್ಲಿ ದೋಸೆ ತಿಂದು ತೃಪ್ತರಾಗಿ ಹಿಂದಿರುಗುತ್ತಾರೆ. ಆ ಬಜಾರಿಗೆ ಸಮೀಪದ ಒಂದು ಅಡ್ಡರಸ್ತೆಯ ಜಗಲಿಯನ್ನು ಮಾತ್ರ ಯಾರೂ ನೋಡುವುದಿಲ್ಲ. ಬಹುಕಾಲದಿಂದ ಇಲ್ಲಿಯೇ ಇರುವ ನಾವೂ ನೋಡಿರಲಿಲ್ಲ.

ನೋಡುವಂತಾದುದಕ್ಕೆ ನಮ್ಮದೇ ಒಂದು ತಪ್ಪು ಕಾರಣ. ಮಳೆಗಾಲದ ಒಂದು ರಾತ್ರಿ ಮನೆಗೆ ನೆಂಟರು ಬಂದಿದ್ದರು. ಮೊಬೈಲಿನಲ್ಲಿ ಹೇಳಿ ತರಿಸಿದ ಊಟ ಬಹಳ ತಡವಾಗಿ ಬಂದಿತು. ತೊಯ್ದು ಬಾಗಿಲಲ್ಲಿ ನಿಂತ ಹುಡುಗನು, "ಗಾಡಿ ಕೆಟ್ಟು ನಿಂತುಹೋಯ್ತು ಸಾರ್, ಸ್ಟಾರ್ ಮಾತ್ರ ಕಡಿಮೆ ಕೊಡಬೇಡಿ" ಎಂದನು. ನಾವು ಗದರಿಸಿ ಕಳುಹಿಸಿ, ಒಂದೇ ನಕ್ಷತ್ರವನ್ನು ಒತ್ತಿದೆವು. ಊಟಕ್ಕೆ ಕುಳಿತಾಗ ಹಿರಿಯರೊಬ್ಬರು, "ಇವರಿಗೇನು ಕಡಿಮೆ? ಮೇಷ್ಟರಿಗಿಂತ ಹೆಚ್ಚು ಸಂಪಾದಿಸುತ್ತಾರೆ" ಎಂದರು. ಎಲ್ಲರೂ ತಲೆದೂಗಿದೆವು. ಆದರೆ ಹುಡುಗನ ಮುಖ ನಮ್ಮ ಮನಸ್ಸಿನಿಂದ ಮರೆಯಾಗಲಿಲ್ಲ.

ಆದುದರಿಂದಲೇ ಒಂದು ಸಾಯಂಕಾಲ ಆ ಅಡ್ಡರಸ್ತೆಗೆ ಹೋದೆವು. ಮುಚ್ಚಿದ ಅಂಗಡಿಯೊಂದರ ಜಗಲಿಯ ಮೇಲೆ ಹತ್ತು ಹನ್ನೆರಡು ಮಂದಿ ಕುಳಿತಿದ್ದರು. ಎದುರಿಗೆ ಸಾಲಾಗಿ ಬೈಕುಗಳು. ಎಲ್ಲರ ಕಣ್ಣೂ ಅಂಗೈಯ ಮೊಬೈಲಿನ ಮೇಲೆ. ಮಾತು ನಡೆಯುತ್ತಿದ್ದಂತೆಯೇ ಒಬ್ಬನದು ಸದ್ದು ಮಾಡುವುದು, ಅವನು ಅರ್ಧ ಮಾತಿನಲ್ಲಿಯೇ ಎದ್ದು ಓಡುವನು. ರಾಯಚೂರು ಕಡೆಯ ನಡುವಯಸ್ಸಿನವನೊಬ್ಬನು ನಮಗೆ ಸ್ಥಳ ಬಿಟ್ಟುಕೊಟ್ಟನು.

"ದಿನಕ್ಕೆ ಎಷ್ಟು ಸಿಕ್ಕುತ್ತದೆಯಪ್ಪಾ?" ಎಂದೆವು.

"ಯಾವ ದಿನ ಸಾರ್?" ಎಂದು ಅವನು ನಕ್ಕನು.

ಅವರಿಗೆ ಸಂಬಳವೆಂಬುದಿಲ್ಲ, ಮುಟ್ಟಿಸಿದ ಒಂದೊಂದು ಆರ್ಡರಿಗೆ ಇಷ್ಟೆಂದು ಕೂಲಿ. ಗೊತ್ತಾದಷ್ಟು ಮುಟ್ಟಿಸಿದರೆ ಮೇಲೊಂದಿಷ್ಟು ಇನಾಮು. ಒಂದು ಕಡಿಮೆಯಾದರೂ ಅದು ತಪ್ಪಿತು. ಜಗಲಿಯ ಮೇಲೆ ಕಾದ ಹೊತ್ತಿಗೆ ಕಾಸಿಲ್ಲ. ಬೈಕು ಅವನದು, ಅದರ ಸಾಲವೂ ಅವನದು. ಲೀಟರಿಗೆ 45 ಕಿಲೋಮೀಟರು ಓಡುವ ಗಾಡಿ ದಿನಕ್ಕೆ ನೂರು ಕಿಲೋಮೀಟರು ಸುತ್ತಿದರೆ, ಪೆಟ್ರೋಲಿಗೇ ಇನ್ನೂರು ರೂಪಾಯಿ ಮೀರುವುದು. ಟೈರು, ರಿಪೇರಿ, ಮೊಬೈಲಿನ ಖರ್ಚು ಬೇರೆ. ಹಿರಿಯರು ಹೇಳಿದ ಸಂಪಾದನೆ ಒಳ್ಳೆಯ ದಿನದ ಒಟ್ಟು ಹಣ. ಮನೆಗೆ ಒಯ್ಯುವುದು ಇವೆಲ್ಲ ಕಳೆದುಳಿದದ್ದು.

"ನಾವು ಕೊಡುವ ಡೆಲಿವರಿ ಚಾರ್ಜು ನಿನಗೆ ಬರುವುದಿಲ್ಲವೆ?"

"ಅದರ ಲೆಕ್ಕ ಬೇರೆ ಸಾರ್, ನಮ್ಮ ಲೆಕ್ಕ ಬೇರೆ."

ಇಂತಹ ಕೆಲಸಗಾರರು 2020-21ರಲ್ಲಿ ದೇಶದಲ್ಲಿ 77 ಲಕ್ಷ ಮಂದಿಯಿದ್ದರೆಂದು ನೀತಿ ಆಯೋಗವು 2022ರಲ್ಲಿ ಅಂದಾಜು ಮಾಡಿತು. ಕಂಪನಿಗಳು ಇವರನ್ನು ನೌಕರರೆನ್ನದೆ ಪಾಲುದಾರರೆನ್ನುತ್ತವೆ. ಆದುದರಿಂದ ನೌಕರರಿಗಿರುವ ರಕ್ಷಣೆ ಇವರಿಗೆ ದೊರೆಯದೆ ಬಂದಿತು. 2023ರಲ್ಲಿ ರಾಜಸ್ಥಾನವು ಮೊದಲು ಇವರಿಗಾಗಿ ಕಾನೂನು ಮಾಡಿತು. 2025ರಲ್ಲಿ ನಮ್ಮ ಕರ್ನಾಟಕವೂ ಮಾಡಿತು. ಕೆಲಸಗಾರನಿಗೆ ಸಲ್ಲುವ ಹಣದ ಮೇಲೆ ಶೇಕಡಾ 1ರಿಂದ 5ರವರೆಗೆ ಕಂಪನಿಯು ಕ್ಷೇಮನಿಧಿಗೆ ಕಟ್ಟಬೇಕೆಂಬುದು ಇದರ ಮುಖ್ಯಾಂಶ. ಇದು ಶ್ಲಾಘ್ಯವೇ. ಆದರೆ ಜಗಲಿಯ ಮೇಲೆ ಕಾದ ಗಂಟೆಗೆ ಇಷ್ಟು ಕೂಲಿಯೆಂದು ಅದು ಗೊತ್ತುಮಾಡಿಲ್ಲ.

ಕತ್ತಲಾಗಿ, ಹನಿ ಬೀಳತೊಡಗಿತು. "ಮಳೆ ಬಂದರೆ ಆರ್ಡರು ಜಾಸ್ತಿ ಸಾರ್" ಎಂದು ಆತನು ಹೊರಟನು. ಮಳೆ ಬಂದೊಡನೆ ನಾವು ಮನೆಯಲ್ಲಿ ಕುಳಿತು ಬಿಸಿಬಿಸಿಯಾಗಿ ಏನಾದರೂ ತರಿಸಲು ಬಯಸುವೆವಷ್ಟೆ! ತರಿಸುವುದು ತಪ್ಪಲ್ಲ. ಮನೆಯ ಗುರುತನ್ನು ಸರಿಯಾಗಿ ಹೇಳುವುದು, ಮೂರನೆಯ ಮಹಡಿಯಿಂದ ನಾವೇ ಇಳಿದುಬರುವುದು, ಒಂದು ಲೋಟ ನೀರು ಕೊಡುವುದು, ಇವು ಗೃಹಸ್ಥರಿಗೆ ಭಾರವಲ್ಲ. ಇವುಗಳಿಂದ ಕೂಲಿ ಹೆಚ್ಚದು. ಆದರೆ ಅವನ ಹೊತ್ತು ಉಳಿಯುವುದು, ಅವನಿಗೆ ಹೊತ್ತೇ ಕೂಲಿ.

ಮನೆಗೆ ಬಂದು ಮೊಬೈಲನ್ನು ತೆರೆದೆವು. ಅಂದು ಒತ್ತಿದ ಒಂದು ನಕ್ಷತ್ರವನ್ನು ಬದಲಿಸಲು ಬಹಳ ಹೊತ್ತು ಹುಡುಕಿದೆವು. ದಾರಿ ಸಿಕ್ಕಲಿಲ್ಲ.