ಗಾಲಿಯ ಮೇಲೊಂದು ಮನೆ

ರಜೆಗೆ ಮಂಡ್ಯ, ಮದ್ದೂರು, ಮಳವಳ್ಳಿ ಸುತ್ತಲು ಹಳೆಯ ಡೀಸೆಲ್ ಮೆಟಡಾರ್ ವ್ಯಾನನ್ನೇ ಪುಟ್ಟ ಮನೆಯಾಗಿಸಬಹುದು. ಆದರೆ ಸೀಟು ಕಿತ್ತು ಮಂಚ ಕೂರಿಸುವ ಮುನ್ನ ಆರ್‌ಟಿಒ ಕಚೇರಿಯ ಒಪ್ಪಿಗೆ ಬೇಕು.

ಮದ್ದೂರಿನಲ್ಲಿ ವಡೆ ಕಟ್ಟಿಸಿಕೊಂಡು, ತುಸು ಬಳಸಿ ಕೊಕ್ಕರೆ ಬೆಳ್ಳೂರಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆಗಳನ್ನು ನೋಡಿ, ಮಳವಳ್ಳಿ ದಾಟಿದರೆ ಶಿವನಸಮುದ್ರ. 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿದದ್ದು ಇಲ್ಲಿಂದಲೇ.

ವ್ಯಾನಿನ ವಿದ್ಯುತ್ತಿಗೆ ಬೇರೆಯದೇ ಬ್ಯಾಟರಿ ಇರಲಿ. 12 ವೋಲ್ಟ್, 100 ಆಂಪಿಯರ್-ಅವರ್ ಎಂದರೆ 1,200 ವಾಟ್-ಅವರ್. ಫ್ಯಾನು, ದೀಪ ಸೇರಿ 40 ವಾಟ್ ಎಂದಾದರೆ, ಎಂಟು ಗಂಟೆಗೆ ಖರ್ಚು 320 ಮಾತ್ರ.

ಮಲಗುವಾಗ ಎಂಜಿನ್ ನಿಲ್ಲಿಸಿ. ಒಳಗೆ ಸ್ಟೌ, ಇದ್ದಿಲು ಹೊತ್ತಿಸಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಪ್ರಾಣ ತೆಗೆದೀತು. ಮಕ್ಕಳು ಮಲಗಿದ ಕಡೆಯ ಕಿಟಕಿಯೂ ತುಸು ತೆರೆದಿರಲಿ.