ಬೆಳಕು ಸೋರುವ ದಾರಿ

ಹಳೆಯ ಕಾರಿನ ದೀಪ ಮಂದವಾದರೆ ಎಲ್ಲರೂ ಮೊದಲು ಬೈಯುವುದು ಬಲ್ಬಿಗೆ. ಲಚ್ಯಾಣದ ನಮ್ಮ ಕಾಕಾನೂ ಹಾಗೇ ಮಾಡಿದರು. ಅವರದು 1978ರ ಅಂಬಾಸಿಡರ್. ಇಂಜಿನ್ ಕೆಲಸ ಮುಗಿದಿತ್ತು, ಬಣ್ಣವೂ ಆಗಿತ್ತು, ಉಳಿದದ್ದು ಹೆಡ್‌ಲೈಟು. "ತಮ್ಮಾ, ನೂರು ವ್ಯಾಟಿನ ಬಲ್ಬ್ ಹಾಕಿಬಿಡು. ರಾತ್ರಿ ಇಂಡಿಯಿಂದ ಬರೂಮುಂದ ಕಬ್ಬಿನ ಟ್ರ್ಯಾಕ್ಟರ್ ಹತ್ರ ಬರೂತನಾ ಕಾಣಂಗಿಲ್ಲ" ಅಂದರು. ಮಾತು ಸುಳ್ಳಲ್ಲ. ಕಬ್ಬಿನ ಹಂಗಾಮಿನಲ್ಲಿ ಹಿಂದೀಪವಿಲ್ಲದ ಟ್ರೇಲರು ನಾಲ್ಕು ಮಾರು ಮೊದಲೇ ಕಂಡರೆ ಜೀವ ಉಳಿದಂತೆ.

ಆದರೆ ಲೆಕ್ಕ ಬೇರೆ ಹೇಳುತ್ತಿತ್ತು. ಗಾಡಿಯಲ್ಲಿದ್ದದ್ದು 45 ವ್ಯಾಟಿನ ಎರಡು ಬಲ್ಬು. 12 ವೋಲ್ಟಿಗೆ ಏಳೂವರೆ ಆಂಪಿಯರ್. ನೂರರ ಜೋಡಿ ಹಾಕಿದರೆ ಸುಮಾರು ಹದಿನೇಳು. ವೈರಿನ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ; ಅಂದರೆ ಅದೇ ಮುದಿ ವೈರಿನೊಳಗೆ ಸುಮಾರು ಐದು ಪಟ್ಟು ಬಿಸಿ. ಮಲ್ಟಿಮೀಟರ್ ಹಿಡಿದು ನೋಡಿದೆ. ದೀಪ ಹಚ್ಚಿದಾಗ ಬ್ಯಾಟರಿಯಲ್ಲಿ 12.4 ವೋಲ್ಟ್, ಬಲ್ಬಿನ ಬುಡದಲ್ಲಿ 10.7. ಉಳಿದದ್ದು ಡ್ಯಾಶ್‌ಬೋರ್ಡಿನ ಸ್ವಿಚ್ಚು, ಕಾಲಲ್ಲಿ ಒತ್ತುವ ಡಿಪ್ಪರು, ತುಕ್ಕು ಹಿಡಿದ ಅರ್ಥ್ ಇವುಗಳಲ್ಲಿ ಸೋರಿಹೋಗಿತ್ತು. ವೋಲ್ಟೇಜು ನೂರಕ್ಕೆ ಹತ್ತು ಇಳಿದರೆ ಬೆಳಕು ನೂರಕ್ಕೆ ಸುಮಾರು ಮೂವತ್ತು ಇಳಿಯುತ್ತದೆ. ಬಲ್ಬಿನದೇನೂ ತಪ್ಪಿರಲಿಲ್ಲ.

ವೈರಿನ ಕಟ್ಟು ಬಿಚ್ಚಿದಾಗ ನನಗೆ ನನ್ನ ಪಿಎಚ್.ಡಿ. ನೆನಪಾಯಿತು. ನಾನು ಓದುತ್ತಿರುವುದು ಹಸ್ತಪ್ರತಿಗಳನ್ನು. ಲೂಕಾಸ್ ಪದ್ಧತಿಯಲ್ಲಿ ಹೈಬೀಮಿಗೆ ನೀಲಿ ಮೇಲೆ ಬಿಳಿ ಗೆರೆ, ಡಿಪ್ಪಿಗೆ ನೀಲಿ ಮೇಲೆ ಕೆಂಪು ಗೆರೆ, ಅರ್ಥಿಗೆ ಕಪ್ಪು. ಅದು ಮೂಲ ಪಾಠ. ನಡುನಡುವೆ ನಾಲ್ಕೈದು ಮಿಸ್ತ್ರಿಗಳ ಕೈಬರಹ: ಮನೆ ವೈರಿಂಗಿನ ಹಳದಿ ತುಂಡು, ಸೈಕಲ್ ಟ್ಯೂಬು ಸುತ್ತಿದ ಗಂಟು, ಎಲ್ಲಿಗೂ ಹೋಗದ ಒಂದು ಹಸಿರು ವೈರು. ಪ್ರತಿಯೊಬ್ಬರೂ ಆ ರಾತ್ರಿಯ ಗಾಡಿಯನ್ನು ಮನೆ ಮುಟ್ಟಿಸಿದ್ದಾರೆ. ಯಾರೂ ಮುಂದಿನವನಿಗೆ ಗುರುತು ಬಿಟ್ಟಿಲ್ಲ.

ಹಳೆಯ ಕಟ್ಟನ್ನು ಕಿತ್ತೆಸೆಯಲಿಲ್ಲ. ಗಂಟುಗಳನ್ನು ಬಿಚ್ಚಿ ಬೆಸುಗೆ ಹಾಕಿ, ಎರಡು ರಿಲೇ ಕೂಡಿಸಿದೆ, ಹೈಬೀಮಿಗೊಂದು, ಡಿಪ್ಪಿಗೊಂದು. ಡಿಪ್ಪರಿನಿಂದ ಬರುವ ಹಳೆಯ ವೈರು ರಿಲೇಯ 86ನೇ ಪಿನ್ನಿಗೆ, 85 ಅರ್ಥಿಗೆ. ಬ್ಯಾಟರಿಯಿಂದ ಫ್ಯೂಸಿನ ಮೂಲಕ ಹೊಸ ದಪ್ಪ ವೈರು 30ಕ್ಕೆ, 87ರಿಂದ ನೇರ ದೀಪಕ್ಕೆ. ದೀಪದಿಂದ ಚಾಸಿಗೆ ಹೊಸ ಅರ್ಥ್. ಈಗ ಹಳೆಯ ವೈರು ಹೊರುವುದು ಕಾಲು ಆಂಪಿಯರಿಗಿಂತ ಕಡಿಮೆ. ಹೊರೆ ಹೊಸಬನದು, ಅಪ್ಪಣೆ ಮಾತ್ರ ಹಳಬನದು. ಮನೆಯಲ್ಲಿ ಹಿರಿಯರನ್ನು ಇಟ್ಟುಕೊಳ್ಳುವುದೂ ಹೀಗೇ ಅಲ್ಲವೇ?

ಎಲ್‌ಇಡಿ ಹಾಕಬಹುದಿತ್ತು. ಆದರೆ ತಂತಿ ಬಲ್ಬಿಗೆಂದು ಮಾಡಿದ ರಿಫ್ಲೆಕ್ಟರಿನಲ್ಲಿ ಎಲ್‌ಇಡಿ ಕೂಡಿಸಿದರೆ ಬೆಳಕು ಚೆದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಆ ರಸ್ತೆಯಲ್ಲಿ ಎದುರಿಗೆ ಬರುವವರು ಹೆಚ್ಚಾಗಿ ಬೈಕಿನ ಮೇಲಿರುವ ನಮ್ಮೂರಿನವರೇ.

ಬಲ್ಬಿನ ಬುಡದಲ್ಲಿ ಈಗ 12.1 ವೋಲ್ಟ್. ಅದೇ 45 ವ್ಯಾಟು, ಸುಮಾರು ಒಂದೂವರೆ ಪಟ್ಟು ಬೆಳಕು. ಕಾಕಾ ಬಗ್ಗಿ ಎರಡೂ ಬಲ್ಬು ನೋಡಿ, "ಹೊಸಾವು ಎಷ್ಟ ಬಿದ್ದುವು?" ಅಂದರು. ಅವೇ ಹಳೆಯವು ಅಂದೆ. ನಂಬಲಿಲ್ಲ.

ಬಾನೆಟ್ಟಿನ ಒಳಮೈಗೆ ವೈರಿಂಗಿನ ನಕ್ಷೆ ಅಂಟಿಸಿದ್ದೇನೆ. ಯಾವುದು ಮೂಲ, ಯಾವುದು ಸೇರಿಕೆ, ರಿಲೇ ತೆಗೆದರೆ ಯಾವ ವೈರು ಎಲ್ಲಿಗೆ ವಾಪಸ್ಸು, ಎಲ್ಲ ಕನ್ನಡದಲ್ಲಿ. ಹಸಿರು ವೈರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ. ಕತ್ತರಿಸಿಲ್ಲ.